ಮಾಳಿಗೆಯ ಮೇಲಿನ ಹಾಜರಿ

ಜತ್ತದಂಥ ಊರಿನಲ್ಲಿ ಜೇನುನೊಣವನ್ನೂ ಬಾಗಿಲಲ್ಲೇ ತಡೆದು ನಿಲ್ಲಿಸಿದ ಮಹಾನುಭಾವರೊಬ್ಬರಿದ್ದಾರೆ. ಅವರು ನಮ್ಮ ಮನೆಯ ಮಾಲೀಕರು! ಸಾಲಿಯಲ್ಲಿ ಚಿತ್ರ ಬಿಡಿಸಲು ಕಲಿಸಿ ನಿವೃತ್ತರಾದವರು. ಊರೆಲ್ಲ ಗುರೂಜಿ ಎನ್ನುತ್ತದೆ. ಮೇಲೆ ಅವರೊಬ್ಬರೇ. ಕೆಳಗೆ ನಾನು ಮತ್ತು ನನ್ನ ಹೊಲಿಗೆ ಯಂತ್ರ.

ಮೂರು ವರ್ಷದ ಹಿಂದೆ ಗುರೂಜಿ ಮಾಳಿಗೆಯ ಮೇಲೆ ಪೈಪು ನಿಲ್ಲಿಸಿ, ಸುತ್ತಲೂ ಸೊಳ್ಳೆಯೂ ನುಸುಳದ ಬಿಳಿ ಬಲೆ ಬಿಗಿದು ಗ್ರೀನ್‌ಹೌಸ್ ಕಟ್ಟಿದರು. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಅದು ಥೇಟ್ ಮದುವೆಯ ಹಂದರ.

“ಯಾರ ಲಗ್ನಾರಿ, ಗುರೂಜಿ?”

“ಸೌತಿಕಾಯಿದು! ಮ್ಯಾಲ ಬರ್ರಿ, ಚಾ ಕುಡದ ಹೋಗ್ರಿ!”

ಕೇಳಿದವರು ನಕ್ಕು ಮುಂದೆ ಹೋಗುತ್ತಿದ್ದರು. ಚಹಕ್ಕಾಗಿ ಅಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ ಹೇಳಿ? ವಳಸಂಗದಲ್ಲಿ ಹೊಲ ನೋಡಿಕೊಂಡಿರುವ ಅವರ ತಮ್ಮ ಒಮ್ಮೆ ಹತ್ತಿ ಬಂದು, ಸಾಲಾಗಿ ಇಟ್ಟ ಬಕೀಟುಗಳನ್ನು ನೋಡಿ ಹಣೆ ಹಣೆ ಬಡಿದುಕೊಂಡರು.

“ಅಣ್ಣಾ, ಊರಾಗ ಹೊಲ ಬಿಟ್ಟ ಬಕೀಟಿನ್ಯಾಗ ಒಕ್ಕಲತನ ಮಾಡಾಕತ್ತಿಯಲ್ಲ, ತಲಿ ಕೆಟ್ಟದೇನ?”

“ನಿನ್ನ ಹೊಲದಾಗ ಒಂದ ಗಿಡ ಬರಲಿಲ್ಲಂದ್ರ ನಿನಗ ಗೊತ್ತಾಗ್ತದೇನ? ನನಗ ಗೊತ್ತಾಗ್ತದ!”

ಸುಳ್ಳಲ್ಲ. ಗುರೂಜಿ ಪ್ರತಿ ಬಕೀಟಿಗೂ ನಂಬರು ಬರೆದು, ದಿನಾ ಬೆಳಗ್ಗೆ ಹಾಜರಿ ಪುಸ್ತಕ ಹಿಡಿದು ಗಿಡಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು! ಏಳನೇ ನಂಬರಿನ ಗಿಡ ಒಣಗಿ ಕಡ್ಡಿಯಾದ ಮೇಲೂ ವಾರಗಟ್ಟಲೆ ‘ಗೈ’ ಎಂದು ಗೈರುಹಾಜರಿ ಹಾಕುತ್ತಲೇ ಇದ್ದರು.

“ಅದು ಸತ್ತದರಿ, ಗುರೂಜಿ” ಎಂದೆ ನಾನು.

“ಹಂಗ ಲಗೂನ ಹೆಸರ ತಗೀಬಾರದು ತಂಗಿ. ಜಡ್ಡಾಗಿರಬೇಕು.”

ಇಷ್ಟೆಲ್ಲ ಮುತುವರ್ಜಿ ಇದ್ದರೂ ಮೊದಲ ಬೆಳೆಯಲ್ಲಿ ಒಂದು ಕಾಯಿಯೂ ನಿಲ್ಲಲಿಲ್ಲ. ಹೂ ಅರಳುವುದು, ಉದುರುವುದು. ಹುಳ ಬರಬಾರದೆಂದು ಬಿಗಿದ ಬಲೆ ಜೇನನ್ನೂ ಹೊರಗಿಟ್ಟಿತ್ತು! ಬಲೆ ತೆಗೆಯಿರಿ ಎಂದರೆ ಕೇಳುವವರಲ್ಲ. ಗಂಡು ಹೂವಿನ ಪುಡಿಯನ್ನು ಬ್ರಷ್ಷಿನಿಂದ ಹೆಣ್ಣು ಹೂವಿಗೆ ತಾಗಿಸಿದರೆ ಸಾಕು ಎಂದು ಎಲ್ಲೋ ತಿಳಿದುಕೊಂಡರು. ಬ್ರಷ್ಷಿಗೇನು ಬರವೇ? ಆದರೆ ಜೀವನವಿಡೀ ಬ್ರಷ್ಷು ಹಿಡಿದ ಕೈ ಈಗ ನಡುಗುತ್ತಿತ್ತು. ಪುಡಿಯೆಲ್ಲ ಅವರ ಅಂಗಿಯ ಮೇಲೆ!

ಕೊನೆಗೆ ಕೆಳಗೆ ಬಂದರು. “ತಂಗಿ, ಸೂಜಿಗೆ ದಾರ ಹಾಕೂ ಕೈ ನಿಂದು. ಐದ ಮಿನಿಟ ಬಾ.”

ಹೀಗೆ ನಾನು ಜೇನುನೊಣವಾದೆ! ಅವರು ಕರೆಯುತ್ತಿದ್ದದ್ದೂ ಹಾಗೆಯೇ. ಐದು ನಿಮಿಷ ಎಂದಿಗೂ ಒಂದು ತಾಸಿಗಿಂತ ಕಡಿಮೆ ಇರುತ್ತಿರಲಿಲ್ಲ. ಎರಡು ಕಪ್ಪು ಮೊದಲೇ ತೊಳೆದಿಟ್ಟಿರುತ್ತಿದ್ದರು. ಯಾವ ಹುಡುಗ ಎಮ್ಮೆಗೆ ಐದು ಕಾಲು ಬಿಡಿಸಿದ್ದ ಎಂಬಲ್ಲಿಂದ ಮಾತು ಶುರು. ಎದ್ದರೆ, “ಕುಂದರವಾ, ಮೂಲ್ಯಾಗಿನ ಹೂ ಇನ್ನ ಪೂರ್ತಿ ಅರಳಿಲ್ಲ” ಎನ್ನುವರು. ಕೆಳಗೆ ಬ್ಲೌಸ್ ಕೇಳಲು ಬಂದವರು ನನ್ನ ಬಾಗಿಲು ಬಡಿಯುತ್ತಿರುತ್ತಿದ್ದರು.

ಈ ವರ್ಷ ಲಗ್ನದ ಸುಗ್ಗಿಯಲ್ಲಿ ನನಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ದಾರ ತರಲು ಸಾಂಗ್ಲಿಗೆ ಹೋದವಳು ಬೀಜದ ಅಂಗಡಿಗೂ ಹೋದೆ. ಗ್ರೀನ್‌ಹೌಸಿಗೆಂದೇ ಮಾಡಿದ ಸೌತೆಬೀಜ ಸಿಕ್ಕಿತು. ಜೇನೂ ಬೇಡ, ಬ್ರಷ್ಷೂ ಬೇಡ, ಕಾಯಿ ತಾನಾಗಿಯೇ ಕಟ್ಟುತ್ತದೆ! ಯುದ್ಧ ಗೆದ್ದವಳಂತೆ ಪೊಟ್ಟಣ ಕೊಟ್ಟೆ. ಗುರೂಜಿ ಚಾಳೀಸು ಹಾಕಿಕೊಂಡು ಎರಡು ಸಲ ಓದಿದರು. “ಚಲೋ ಆತು ಬಿಡು. ನಿನಗ ತ್ರಾಸ ತಪ್ಪಿತು” ಎಂದರು.

ಎರಡು ತಿಂಗಳು ನಾನು ಮೇಲೆ ಹೋಗಲಿಲ್ಲ. ಬಳ್ಳಿ ಕಾಯಿ ಬಿಟ್ಟ ಮೇಲೆ ಸೌತೆಕಾಯಿ ಮಾತ್ರ ಹಗ್ಗಕ್ಕೆ ಕಟ್ಟಿದ ಚೀಲದಲ್ಲಿ ನನ್ನ ಬಾಗಿಲಿಗೆ ಇಳಿದು ಬರುತ್ತಿತ್ತು. ಎಂಥ ಕಾಯಿ! ಒಂದೇ ಅಳತೆ, ಒಂದೇ ಬಣ್ಣ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಒಂದು ದಿನ ಚೀಲ ಇಳಿಯಲಿಲ್ಲ. ಮರುದಿನವೂ ಇಲ್ಲ. ಹೆದರಿ ಮೆಟ್ಟಿಲು ಹತ್ತಿದೆ.

ಗುರೂಜಿ ಗಟ್ಟಿಯಾಗಿಯೇ ಇದ್ದರು. ಆದರೆ ಕಾಯಿ ತುಂಬಿದ ಬಳ್ಳಿಗಳೆಲ್ಲ ಬೇರುಸಹಿತ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಬಕೀಟುಗಳಲ್ಲಿ ಹಳೆಯ ಬೀಜ ಊರುತ್ತಿದ್ದರು.

“ಅಯ್ಯ ಗುರೂಜಿ, ಏನಾಗಿತ್ತರಿ ಇವಕ್ಕ? ಯಾಕ ಕಿತ್ತೀರಿ?”

ಅವರು ತಲೆ ಎತ್ತಲಿಲ್ಲ. “ಏನೂ ಆಗಿಲ್ಲ ತಂಗಿ. ಭಾಳ ಚಲೋ ಇದ್ದವು. ಆದರ ಇವಕ್ಕ ಯಾರೂ ಬೇಕಾಗಿಲ್ಲ. ಹಳೇ ಬೀಜಾ ಆದರ ಯಾರರೆ ಬರಬೇಕಾಗ್ತದ.”

ಕಟ್ಟೆಯ ಮೇಲಿದ್ದ ಹಾಜರಿ ಪುಸ್ತಕ ತೆರೆದೆ. ಗಿಡಗಳ ನಂಬರೆಲ್ಲ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ, ನಡುಗುವ ಅಕ್ಷರದಲ್ಲಿ ‘ಜೇನುನೊಣ’ ಎಂದಿತ್ತು. ಅದರ ಮುಂದೆ ಎರಡು ತಿಂಗಳ ತುಂಬ ಗೈ, ಗೈ, ಗೈ. ಹೆಸರು ಮಾತ್ರ ತೆಗೆದಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮರುದಿನ ಬೆಳಗ್ಗೆ ಚಹದ ಹೊತ್ತಿಗೆ ಸರಿಯಾಗಿ ಮೇಲೆ ಹೋದೆ. ಗುರೂಜಿ ಗಾಬರಿಯಾದರು.

“ಬೀಜ ಇನ್ನ ಮೊಳಕಿನೂ ಒಡದಿಲ್ಲ ತಂಗಿ. ಹೂ ಬರಾಕ ತಿಂಗಳ ಮ್ಯಾಲ ಬೇಕು. ಈಗ ನಿನಗೇನ ಕೆಲಸ?”

“ಹಾಜರಿ ಹಾಕ್ರಿ, ಗುರೂಜಿ” ಎಂದೆ.