ಅತ್ತಿಗೆಯ ರೂಲುಗಳು

ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸಿದ ಮಾತನ್ನು ದಾರಿಯಲ್ಲೇ ತಡೆದು, ತಿದ್ದಿ, ತನಗೇನೂ ಗೊತ್ತಿಲ್ಲದವಳ ಹಾಗೆ ಮುಂದಕ್ಕೆ ಸಾಗಿಸುವುದಕ್ಕೆ ನಮ್ಮ ಅತ್ತಿಗೆಗೆ ಸಂಬಳ ಕೊಡುತ್ತಾರೆ! ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡುವ ಹೆಂಗಸರು ನಮ್ಮ ನೆಂಟರಲ್ಲೇ ಬೇಕಾದಷ್ಟಿದ್ದಾರೆ. ಅವರಿಗೆ ಊರು ಇಟ್ಟ ಹೆಸರು ಬೇರೆ. ಅತ್ತಿಗೆಯನ್ನು ಮಾತ್ರ ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಆಫೀಸಿನವರು ‘ಸೆಕ್ಯುರಿಟಿ ಟೆಸ್ಟರ್’ ಎಂದು ಕರೆದು ಎ.ಸಿ. ಕೋಣೆಯಲ್ಲಿ ಕೂರಿಸಿದ್ದಾರೆ.

ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು. ಅಣ್ಣನ ಹೆಂಡತಿಯಾದ್ದರಿಂದ ಅತ್ತಿಗೆ. ಅವಳ ಕೆಲಸ ನನಗೆ ಅರ್ಥವಾದದ್ದು ಇಷ್ಟು: ನೀವು ಯಾವುದೋ ಅಂಗಡಿಯ ವೆಬ್‌ಸೈಟಿನಲ್ಲಿ ಸೀರೆ ಆರಿಸಿ ಗುಂಡಿ ಒತ್ತುತ್ತೀರಿ. ‘ಈ ಸೀರೆ, ಇಷ್ಟು ಬೆಲೆ’ ಎಂಬ ಮಾತು ನಿಮ್ಮ ಕಂಪ್ಯೂಟರಿನಿಂದ ಅಂಗಡಿಯ ಕಂಪ್ಯೂಟರಿಗೆ ಹೊರಡುತ್ತದೆ. ಅತ್ತಿಗೆ ಇವೆರಡರ ನಡುವೆ ‘ಪ್ರಾಕ್ಸಿ’ ಎಂಬ ಒಂದು ಪ್ರೋಗ್ರಾಮನ್ನು ಕೂರಿಸಿ, ಅದಕ್ಕೆ ರೂಲು ಬರೆದುಕೊಟ್ಟಿರುತ್ತಾಳೆ. ಬೆಲೆ ಕಂಡರೆ ಅಳಿಸು, ಒಂದು ರೂಪಾಯಿ ಎಂದು ಹಾಕು, ಮುಂದೆ ಕಳಿಸು. ಅಂಗಡಿಯ ಕಂಪ್ಯೂಟರು ಎರಡನೇ ಮಾತಾಡದೆ ಒಂದು ರೂಪಾಯಿಗೆ ರೇಷ್ಮೆ ಸೀರೆ ಕಟ್ಟಿಕೊಡಲು ಹೊರಟಿತೋ, ಅಂಗಡಿಯವನ ಕಥೆ ಮುಗಿಯಿತು. ಅದನ್ನು ಕಳ್ಳರು ಕಂಡುಹಿಡಿಯುವ ಮೊದಲೇ ಅತ್ತಿಗೆ ಕಂಡುಹಿಡಿದು ಅಂಗಡಿಯವನಿಗೆ ಹೇಳುತ್ತಾಳೆ. ಸೀರೆಯನ್ನು ಮಾತ್ರ ತಾನು ಇಟ್ಟುಕೊಳ್ಳುವುದಿಲ್ಲ. ಅವಳ ಉದ್ಯೋಗದಲ್ಲಿ ನನಗೆ ಇಂದಿಗೂ ಅರ್ಥವಾಗದ ಭಾಗ ಇದೊಂದೇ!

ಅಮ್ಮನಿಗೆ ಇದನ್ನು ವಿವರಿಸುವಷ್ಟರಲ್ಲಿ ಅತ್ತಿಗೆ ಬೆವೆತಿದ್ದಳು.

“ಅಂದ್ರೆ ಬೇರೆಯವರ ಕಾಗದ ಒಡೆದು ಓದುವುದಾ?” ಎಂದು ಕೇಳಿದಳು ಅಮ್ಮ.

“ಒಡೆದು ಓದಿ ಅಂತ ಅವರೇ ಒಪ್ಪಿಗೆ ಕೊಡ್ತಾರೆ ಅತ್ತೆ. ಒಪ್ಪಿಗೆ ಇಲ್ಲದೆ ನಾನು ಮುಟ್ಟುವುದಿಲ್ಲ.”

“ಅವರಿಗೆಲ್ಲ ಮಂಡೆ ಸಮ ಉಂಟಲ್ಲ?”

ಆಫೀಸಿನ ಬುದ್ಧಿಯನ್ನು ಆಫೀಸಿನಲ್ಲೇ ಬಿಟ್ಟು ಬರುವ ಅಭ್ಯಾಸ ಅತ್ತಿಗೆಗಿಲ್ಲ. ಒಂದು ದಿನ ನಾನು ಪಾಠ ಮಾಡುವ ಕಾಲೇಜಿನ ಹತ್ತಿರ, ಬಲ್ಮಠದ ಹೋಟೆಲೊಂದಕ್ಕೆ ನಾವಿಬ್ಬರೂ ಹೋಗಿದ್ದೆವು. ನಾನು ನೀರುದೋಸೆ ಹೇಳಿದೆ. ಕೈ ತೊಳೆಯುವ ನೆಪದಲ್ಲಿ ಎದ್ದ ಅತ್ತಿಗೆ ಮಾಣಿಯನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದು, “ಆ ಟೇಬಲಿಗೆ ನೀರುದೋಸೆ ಬೇಡಂತೆ, ಬನ್ಸ್ ಅಂತೆ” ಎಂದಳು. ಬನ್ಸ್ ಬಂತು.

“ನೋಡಿದ್ಯಾ? ಹೇಳಿದ್ದು ನೀನೇ ಹೌದಾ ಅಂತ ಅವನು ವಿಚಾರಿಸಲೇ ಇಲ್ಲ. ಇಂಥ ಕಡೆಯೇ ಕಳ್ಳರು ನುಗ್ಗುವುದು.”

“ಯಾವ ಕಳ್ಳ ಮಾರಾಯ್ತಿ ನನಗೆ ಬನ್ಸ್ ತಿನ್ನಿಸ್ಲಿಕ್ಕೆ ಬರ್ತಾನೆ?”

ದೇವಸ್ಥಾನದ ಅರ್ಚಕರಾದ ಅಪ್ಪನನ್ನೂ ಅವಳು ಬಿಡಲಿಲ್ಲ. ಅಣ್ಣನ ಹುಟ್ಟುಹಬ್ಬದ ಪೂಜೆಯಲ್ಲಿ, ಅಣ್ಣನ ಒಪ್ಪಿಗೆ ಪಡೆದೇ, ಸಂಕಲ್ಪಕ್ಕೆ ಬೇಕೆಂದೇ ತಪ್ಪು ನಕ್ಷತ್ರ ಹೇಳಿದಳು. ಅಪ್ಪ ಮಂತ್ರವನ್ನು ಅಲ್ಲಿಗೇ ನಿಲ್ಲಿಸಿ, ಕಣ್ಣು ತೆರೆದು, “ಇವನನ್ನು ಹೆತ್ತವರು ನಾವಾ, ನೀನಾ?” ಎಂದರು. ಅತ್ತಿಗೆಗೆ ಆದ ಸಂತೋಷ ಹೇಳತೀರದು. ಇಡೀ ಮಂಗಳೂರಿನಲ್ಲಿ ಅವಳ ಪರೀಕ್ಷೆಯಲ್ಲಿ ಪಾಸಾದವರು ಮಾವ ಒಬ್ಬರೇ ಅಂತೆ!

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಈಚೆಗೆ ಒಂದು ಭಾನುವಾರ ನನ್ನ ಲ್ಯಾಪ್‌ಟಾಪು ಮುಷ್ಕರ ಹೂಡಿತು. ಅವಳದ್ದನ್ನು ಕೇಳಿ ಪಡೆದು, ಸುದ್ದಿ ಓದೋಣವೆಂದು ಒಂದು ಪುಟ ತೆರೆದೆ. ಪಕ್ಕದಲ್ಲಿ ಜಾಹೀರಾತು ಇರಬೇಕಾದ ಜಾಗದಲ್ಲಿ ಕಂಬಳದ ಕೋಣ! ಇನ್ನೊಂದು ಪುಟ ತೆರೆದೆ. ಅಲ್ಲಿ ಇನ್ನೊಂದು ಕೋಣ, ಮೈಗೆಲ್ಲ ಕೆಸರು. ಅಡುಗೆ ಮಾಡುವ ವಿಧಾನ ನೋಡಹೋದರೆ ಸಾಸಿವೆ ಒಗ್ಗರಣೆಯ ಪಕ್ಕದಲ್ಲೂ ಕೋಣಗಳ ಜೋಡಿ. ನಾನು ಬಿದ್ದು ಬಿದ್ದು ನಕ್ಕೆ.

“ಇದೆಂತ ಅತ್ತಿಗೆ, ನಿನ್ನ ಇಂಟರ್ನೆಟ್ಟಿಗೆ ಕೋಣ ನುಗ್ಗಿದೆಯಲ್ಲ?”

“ಅದು ನನ್ನದೇ ರೂಲ್” ಎಂದಳು ಅತ್ತಿಗೆ. ಅವಳು ನಗಲಿಲ್ಲ.

ಕಳೆದ ವರ್ಷ ಐದು ತಿಂಗಳ ಬಸುರಿಯಾಗಿದ್ದಾಗ ಅವಳ ಗರ್ಭ ಹೋಗಿತ್ತು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅವಳಿಗೆ ನೋವಾದೀತು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ನಿಜವಾಗಿ ನಮಗೇ ಬಾಯಿ ಬರುತ್ತಿರಲಿಲ್ಲ.

“ಬಸುರಿ ಇರುವಾಗ ಫೋನಿನ ಒಂದು ಆ್ಯಪಿಗೆ ದಿನ ತುಂಬುವ ತಾರೀಕು ಹೇಳಿದ್ದೆ. ಅದು ಊರಿಗೆಲ್ಲ ಹೇಳಿತು. ಆಮೇಲೆ ಆ್ಯಪು ತೆಗೆದೆ, ಆದ್ರೆ ಜಾಹೀರಾತು ನಿಲ್ಲಲಿಲ್ಲ. ಮೊದಲು ತೊಟ್ಟಿಲು ಬಂತು. ಮತ್ತೆ ಡೈಪರು, ಗಿಲಕಿ. ಈಗ ಅನ್ನಪ್ರಾಶನಕ್ಕೆ ಬೆಳ್ಳಿ ಬಟ್ಟಲು ತೋರಿಸ್ತದೆ. ಆ ಕಂಪ್ಯೂಟರುಗಳಿಗೆ ಗೊತ್ತೇ ಇಲ್ಲ. ಅವುಗಳ ಲೆಕ್ಕದಲ್ಲಿ ನನ್ನ ಮಗು ಬೆಳೀತಾ ಉಂಟು.”

ನಾನು ಮೂರ್ಖಳ ಹಾಗೆ, “ಜಾಹೀರಾತೇ ಬಾರದ ಹಾಗೆ ಮಾಡ್ಲಿಕ್ಕೆ ಆಗುವುದಿಲ್ವಾ?” ಎಂದೆ.

“ಆಗ್ತದೆ. ಮಾಡಿ ನೋಡಿದೆ. ಖಾಲಿ ಜಾಗ ಕಂಡ್ರೆ ಅಲ್ಲಿ ಎಂತ ಇತ್ತು ಅಂತ ಗೊತ್ತಾಗ್ತದಲ್ಲ? ಅದಕ್ಕೆ ಕೋಣ ಹಾಕಿದೆ. ಕೋಣ ನೋಡಿ ಅತ್ತವರು ಯಾರಾದ್ರೂ ಉಂಟಾ?” ಲ್ಯಾಪ್‌ಟಾಪು ಮುಚ್ಚುತ್ತಾ ಅವಳೇ ಮುಂದುವರಿಸಿದಳು. “ಕಂಪ್ಯೂಟರಿಗಾದ್ರೆ ರೂಲ್ ಬರೀಬಹುದು. ಜನರ ಬಾಯಿಗೆ ಎಂತ ಮಾಡುವುದು? ಲಿಫ್ಟಿನಲ್ಲಿ ಸಿಕ್ಕಿದವರೂ ವಿಶೇಷ ಇಲ್ವಾ ಅಂತ ಕೇಳ್ತಾರೆ. ಮುಂದಿನ ವಾರ ನಿಮ್ಮ ನೆಂಟರ ಮದುವೆಗೆ ನಾನು ಬರುವುದಿಲ್ಲ.”

ಊಟದ ಮೇಜಿನ ಆ ತುದಿಯಲ್ಲಿ ಅಮ್ಮ ತೊಂಡೆಕಾಯಿ ಹೆಚ್ಚುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಚೂರಿ ಕೆಳಗಿಟ್ಟು, “ಬಾ. ನನ್ನ ಪಕ್ಕದಲ್ಲೇ ಕೂತ್ಕೋ” ಎಂದಳು, ಅಷ್ಟೆ.

ಮದುವೆ ಕಂಕನಾಡಿಯ ಒಂದು ಕಲ್ಯಾಣಮಂಟಪದಲ್ಲಿ. ಅಮ್ಮ ಅತ್ತಿಗೆಯನ್ನು ಗೋಡೆಯ ಬದಿಗೆ ಕೂರಿಸಿ, ತಾನು ಇತ್ತ ಕಡೆ ಭದ್ರವಾಗಿ ಕುಳಿತಳು. ಮೊದಲನೆಯ ನೆಂಟರು ಬಂದು, “ಎಂತ, ವಿಶೇಷ...” ಎನ್ನುವಷ್ಟರಲ್ಲಿ ಅಮ್ಮ ನಡುವೆ ಬಾಯಿ ಹಾಕಿದಳು. “ವಿಶೇಷ ಉಂಟು ಮಾರಾಯ್ರೆ! ನನ್ನ ಗಂಟುನೋವು ಕೇಳಿ.” ಅವರು ಕೇಳಿದರು, ಬೇರೆ ದಾರಿಯಿರಲಿಲ್ಲ. ಎರಡನೆಯವರು ಬಂದು “ಸಿಹಿ ಸುದ್ದಿ...” ಎಂದದ್ದೇ ತಡ, “ಸಿಹಿ ಬಡಿಸ್ತಾ ಇದ್ದಾರೆ, ಬೇಗ ಹೋಗಿ, ಹೋಳಿಗೆ ಮುಗೀತದೆ” ಎಂದು ಅವರನ್ನು ಊಟಕ್ಕೆ ಅಟ್ಟಿದಳು. ಹುಷಾರಿಲ್ಲ ಎಂದು ಡಾಕ್ಟರ ಎದುರೂ ಬಾಯಿಬಿಡದ ಹೆಂಗಸು ಆ ದಿನ ಅಲ್ಲಿ ಸೇರಿದ್ದ ಅರ್ಧ ಜನಕ್ಕೆ ತನ್ನ ಗಂಟುನೋವನ್ನು ಹಂಚಿದಳು! ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಅಷ್ಟರಲ್ಲಿ ದೂರದ ಸಂಬಂಧದ ಅಜ್ಜಿಯೊಬ್ಬರು ಹಿಂದಿನ ಸಾಲಿನಿಂದ ಬಗ್ಗಿ, ಅತ್ತಿಗೆಯ ತಲೆ ಸವರುತ್ತಾ, “ನಿನಗೆ ಮಕ್ಕಳೆಷ್ಟು ಮಗಾ?” ಎಂದು ಕೇಳಿಯೇಬಿಟ್ಟರು. ಕೆಟ್ಟದ್ದೇನೂ ಅವರ ಮನಸ್ಸಿನಲ್ಲಿರಲಿಲ್ಲ, ಪಾಪ. ಅತ್ತಿಗೆಯ ಮುಖ ಸಣ್ಣದಾಯಿತು. ಅಮ್ಮ ತಿರುಗಿದಳು. ಇನ್ನು ಗಂಟುನೋವು ಶುರು ಎಂದುಕೊಂಡೆ ನಾನು. ಅಮ್ಮ ಅದನ್ನು ಎತ್ತಲಿಲ್ಲ.

“ನಮಗೊಂದು ಮಗು ಇತ್ತು ಚಿಕ್ಕಮ್ಮ. ಹುಟ್ಟುವ ಮೊದಲೇ ಹೋಯಿತು. ಇನ್ನು ಕೇಳುವುದಿದ್ರೆ ನನ್ನ ಹತ್ರ ಕೇಳಿ.”

ಅಜ್ಜಿ ಅತ್ತಿಗೆಯ ತಲೆಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ.

ಅತ್ತಿಗೆ ಅಮ್ಮನ ಹೆಗಲಿಗೆ ಮುಖವೊತ್ತಿ, ಅಷ್ಟು ಜನರ ಮಧ್ಯೆ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ. ನನ್ನ ಕಣ್ಣೂ ತುಂಬಿ ಬಂತು. ಓಲಗ ಜೋರಾಗಿತ್ತು, ವೇದಿಕೆಯಲ್ಲಿ ಶಾಸ್ತ್ರ ನಡೆಯುತ್ತಿತ್ತು.

“‘ನಮಗೆ’ ಅಂದ್ರಿ ಅಲ್ವಾ, ಅತ್ತೆ?” ಎಂದಳು ಅತ್ತಿಗೆ ಕೊನೆಗೆ, ಮೂಗು ಒರೆಸಿಕೊಳ್ಳುತ್ತಾ.

“ಮತ್ತೆಂತ?” ಎಂದಳು ಅಮ್ಮ. “ಅದು ನಿನಗೊಬ್ಬಳಿಗೆ ಹೋದದ್ದಾ?”