ಮದುವೆ ಊಟದ ಒನ್ ವೇ

ವೈದ್ಯಕೀಯ ಓದಿದವರು ಡಾಕ್ಟರು, ಕಾನೂನು ಓದಿದವರು ವಕೀಲರು. ಒಂದೇ ವಿಷಯ ಕಲಿತವರಿಗೆ ಈ ಲೋಕದಲ್ಲಿ ಒಂದು ಹೆಸರಿದೆ. ಎರಡನ್ನು ಒಟ್ಟಿಗೆ ಕಲಿಯಲು ಹೊರಟವರ ಗತಿ ಮಾತ್ರ ಎರಡು ಮನೆಯ ನೆಂಟನದು. ಅಲ್ಲಿ ಉಂಡಿರಬಹುದು ಎಂದು ಇವರು, ಇಲ್ಲಿ ಉಂಡಿರಬಹುದು ಎಂದು ಅವರು; ನೆಂಟ ಉಪವಾಸ. ನಾನು ಓದುತ್ತಿರುವುದು ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಬೆರೆಸಿದ ಪದವಿ. ಇದನ್ನು ದೊಡ್ಡಪ್ಪನಿಗೆ ವಿವರಿಸಲು ಹೋಗಿ ಮೂರು ವರ್ಷದಿಂದ ಸೋಲುತ್ತಲೇ ಬಂದಿದ್ದೇನೆ.

"ಅಂದರೆ ನೀನು ಮಿಕ್ಸಿ ರಿಪೇರಿ ಮಾಡುವುದಾ, ಇಲ್ಲ ರಿಪೇರಿಯವನಿಗೆ ಜೋರು ಮಾಡುವುದಾ?" ಎಂದು ಅವರು ಕೇಳಿದ್ದರು.

"ಎರಡೂ ಅಲ್ಲ ದೊಡ್ಡಪ್ಪ. ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನೋಡುವುದು."

"ನೋಡ್ಲಿಕ್ಕೆ ಕಾಲೇಜು ಎಂತಕ್ಕೆ ಮಾರಾಯ್ತಿ? ನಾನು ಸಣ್ಣದಿರುವಾಗಿಂದ ನೋಡ್ತಾ ಇಲ್ವಾ?"

ಹೀಗಿರುವಾಗ ದೊಡ್ಡಪ್ಪನ ಎರಡನೆಯ ಮಗಳು ದೀಪಕ್ಕನ ಮದುವೆ ಬಂತು. ಮಧೂರಿನ ಹತ್ತಿರದ ಹಾಲ್. ದೊಡ್ಡಮ್ಮನಿಗೆ ಮದುವೆಗಿಂತ ಊಟದ ಚಿಂತೆ. ಮೊದಲ ಮಗಳ ಮದುವೆಯಲ್ಲಿ ಜನ ಉಣ್ಣುವವರ ಕುರ್ಚಿಯ ಹಿಂದೆಯೇ ಸಾಲುಗಟ್ಟಿ ನಿಂತು, ಇವನು ಯಾವಾಗ ಮಜ್ಜಿಗೆಗೆ ಬಂದಾನು ಎಂದು ತುತ್ತು ತುತ್ತಿಗೂ ಕಾವಲು ಕಾದಿದ್ದರು. ಆ ನೂಕಾಟದಲ್ಲಿ ವರನ ಸೋದರಮಾವ ಉಣ್ಣದೆ ಹೋಗಿದ್ದರು. ಆ ಬೀಗರು ಅದನ್ನು ಇಂದಿಗೂ ಉಪ್ಪಿನಕಾಯಿಯಂತೆ ಕಾಪಾಡಿಕೊಂಡು ಬಂದಿದ್ದಾರೆ.

"ನೀನು ಎಂತೆಂತದೋ ಓದ್ತೀಯಲ್ಲ, ಇದಕ್ಕೊಂದು ದಾರಿ ಮಾಡು" ಎಂದರು ದೊಡ್ಡಮ್ಮ.

ದೊಡ್ಡಪ್ಪ ನಕ್ಕರು. "ಆಗ್ಲಿ. ಎಡವಟ್ಟಾದ್ರೆ ಬೀಗರ ಎದುರು ನೀನೇ ನಿಂತು ಉತ್ತರ ಹೇಳ್ಬೇಕು."

ಹಿಂದಿನ ದಿನವೇ ಹೋಗಿ ಊಟದ ಹಾಲ್ ನೋಡಿದೆ. ಅಡುಗೆಮನೆಯ ಬಾಗಿಲಿನಿಂದಲೇ ತುಂಬಿದ ಬಕೆಟ್ ಬರಬೇಕು, ಖಾಲಿ ಬಕೆಟ್ ಹೋಗಬೇಕು. ದಾರಿಯ ನಡುವೆ ಅನ್ನ ಮತ್ತು ಸಾರು ಮುಖಾಮುಖಿಯಾದರೆ ಮುಗಿಯಿತು. ಪಕ್ಕದ ಜಗಲಿಗೆ ಇನ್ನೊಂದು ಬಾಗಿಲಿತ್ತು, ಅದನ್ನು ತೆರೆಸಿದೆ. ಬಡಿಸುವವರು ಅಡುಗೆಮನೆಯಿಂದ ಒಳಗೆ ಬಂದು, ಜಗಲಿಯಿಂದ ಹೊರಗೆ ಹೋಗಿ, ಹಾಲನ್ನು ಸುತ್ತಿಕೊಂಡು ಅಡುಗೆಮನೆಗೆ ಮರಳಬೇಕು. ಉಳಿದದ್ದು ಕುರ್ಚಿಯ ಹಿಂದೆ ನಿಲ್ಲುವವರ ಸಮಸ್ಯೆ. ಫೋಟೋದವನಿಗೆ ಹೇಳಿ, ಮೊದಲ ಪಂಕ್ತಿ ಕೂತ ಕೂಡಲೇ ಉಳಿದವರನ್ನು ಮನೆ ಮನೆಯಾಗಿ ವೇದಿಕೆಗೆ ಕರೆಯುವಂತೆ ಮಾಡಿದೆ. ಎಂಥ ಹಸಿದವನೂ ಫೋಟೋಕ್ಕೆ ಕರೆದರೆ ಮೊದಲು ತಲೆ ಬಾಚುತ್ತಾನೆ.

ಮೊದಲ ಪಂಕ್ತಿ ನೀರು ಹರಿದಂತೆ ಸಾಗಿತು. ಎರಡನೆಯದರಲ್ಲಿ ಬೀಗರು ಕೂತಿದ್ದರು. ಅಷ್ಟರಲ್ಲಿ ದೊಡ್ಡಪ್ಪ, ಉಪಚಾರದ ಉತ್ಸಾಹ ತಡೆಯಲಾರದೆ, ಪಾಯಸದ ಬಕೆಟ್ ಹಿಡಿದು ಜಗಲಿಯ ಬಾಗಿಲಿನಿಂದಲೇ ಒಳಗೆ ನುಗ್ಗಿದರು. ಎದುರಿಗೆ ಅನ್ನ, ಅನ್ನದ ಹಿಂದೆ ಸಾಂಬಾರು, ಸಾಂಬಾರಿನ ಹಿಂದೆ ಪಲ್ಯ. ಎಲ್ಲವೂ ನಿಂತುಬಿಟ್ಟವು. ವರನ ತಂದೆ ಬರಿಯ ಅನ್ನದ ಮೇಲೆ ಕೈಯಿಟ್ಟು ತಲೆಯೆತ್ತಿ ನೋಡಿದರು.

"ದೊಡ್ಡಪ್ಪಾ, ಇದು ಒನ್ ವೇ!" ಎಂದು ಕೂಗಿದೆ. ಸರಿಯಾಗಿ ಆ ಕ್ಷಣಕ್ಕೇ ವಾದ್ಯದವರು ಉಸಿರೆಳೆದುಕೊಳ್ಳಬೇಕೇ! ಇಡೀ ಹಾಲ್‌ಗೆ ಕೇಳಿತು.

"ನಾನು ಹುಡುಗಿಯ ಅಪ್ಪ ಮಾರಾಯ್ತಿ!"

"ಹುಡುಗಿಯ ಅಪ್ಪನಿಗೂ ಒನ್ ವೇ."

ಮೊದಲು ನಕ್ಕದ್ದು ವರನ ತಂದೆ. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ದೊಡ್ಡಪ್ಪ ನನ್ನನ್ನು ನೋಡಿದರು, ಕಟ್ಟಿನಿಂತ ಸಾಲನ್ನು ನೋಡಿದರು, ಬಕೆಟ್ ಹಿಡಿದೇ ತಿರುಗಿ, ಬಿಸಿಲಿನಲ್ಲಿ ಹಾಲ್ ಸುತ್ತಿ ಅಡುಗೆಮನೆಯ ಬಾಗಿಲಿನಿಂದ ಬಂದರು. ಅನ್ನ ನಡೆಯಿತು, ಸಾಂಬಾರು ನಡೆಯಿತು. ಪಾಯಸ ಬೀಗರ ಎಲೆಗೆ ಎರಡೆರಡು ಸಲ ಬಂತು. ಆಮೇಲೆ ಜಗಲಿಯ ಬಾಗಿಲಲ್ಲಿ ಟ್ರಾಫಿಕ್ ಪೊಲೀಸನಂತೆ ಕೈ ಅಡ್ಡ ಹಿಡಿದು, "ಹೋಯ್, ಇಲ್ಲಿಂದ ಅಲ್ಲ, ಒನ್ ವೇ ಉಂಟು!" ಎಂದು ಗದರಿಸುತ್ತಿದ್ದವರು ಸ್ವತಃ ದೊಡ್ಡಪ್ಪ. ಕೊನೆಯ ಪಂಕ್ತಿ ಎದ್ದಾಗಲೂ ಫೋಟೋದವನ ಕೆಲಸ ಮುಗಿದಿರಲಿಲ್ಲ. ಹಸಿದು ಹೋದವರು ಒಬ್ಬರೂ ಇಲ್ಲ.

ದೊಡ್ಡಪ್ಪ ನನ್ನನ್ನು ಕೈಹಿಡಿದು ಬೀಗರ ಮುಂದೆ ನಿಲ್ಲಿಸಿದರು. "ನನ್ನ ತಮ್ಮನ ಮಗಳು. ಇಂಜಿನಿಯರೂ ಹೌದು, ಮ್ಯಾನೇಜರೂ ಹೌದು. ಇವತ್ತಿನದೆಲ್ಲ ಇವಳದ್ದೇ!" ಆ ಎರಡು ಶಬ್ದಗಳು ಅವರ ಬಾಯಲ್ಲಿ ಒಟ್ಟಿಗೆ ಬಂದದ್ದು ಕೇಳಿ, ಪದವಿ ಅಲ್ಲೇ ಕೈಗೆ ಸಿಕ್ಕಿದಂತಾಯಿತು.

ಬೀಗರ ಕಡೆಯ ಅಜ್ಜನೊಬ್ಬರು ಎಲೆಯಡಿಕೆ ಮೆಲ್ಲುತ್ತ ನನ್ನ ಹತ್ತಿರ ಸರಿದರು. "ಊಟ ಭಾರೀ ಲಾಯ್ಕಿತ್ತು ಮಗಾ. ಬರುವ ತಿಂಗಳು ಎಣ್ಮಕಜೆಯಲ್ಲಿ ನಮ್ಮ ಹೊಸ ಮನೆಯ ಒಕ್ಕಲು ಉಂಟು. ನಿಮ್ಮ ಕೇಟರಿಂಗಿನವರು ಅಲ್ಲಿಯವರೆಗೆ ಬರ್ತಾರಾ?"

ನನಗೆ ಸಿಟ್ಟು ಬರಬೇಕಿತ್ತು. ಇಂಜಿನಿಯರಿಂಗ್ ಎಂದರೇನು, ಮ್ಯಾನೇಜ್‌ಮೆಂಟ್ ಎಂದರೇನು ಎಂದು ಅವರಿಗೂ ಮೊದಲಿನಿಂದ ವಿವರಿಸಬೇಕಿತ್ತು. ಆದರೆ ಗೆದ್ದ ಬಾಯಿ ತಾನಾಗಿಯೇ ತೆರೆದುಕೊಂಡಿತು:

"ಮನೆಗೆ ಎಷ್ಟು ಬಾಗಿಲು ಉಂಟು ಅಜ್ಜ?"