ಎರಡು ಕಾರ್ಬೊರೇಟರಿನ ಕಾರು

ನನ್ನ ಹೆಂಡತಿ ನನಗೆ ಕೊನೆಯದಾಗಿ ಹೇಳಿದ ಮಾತು ಇದು: “ಇವತ್ತು ಕಾರು ಬೇಡ ಕಣ್ರೀ. ಆಟೋ ಕರೀರಿ. ಸ್ವಲ್ಪ ಅರ್ಜೆಂಟಿದೆ.”

ಎದೆ ಹಿಡಿದುಕೊಂಡು ಜಗಲಿ ಮೇಲೆ ಕೂತಿದ್ದಳು. ಆಟೋ ಬಂತು. ಆಸ್ಪತ್ರೆಗೆ ಬೇಗನೇ ಹೋದೆವು. ಡಾಕ್ಟರೂ ಇದ್ದರು. ಅವತ್ತು ಯಾವುದೂ ಕೈ ಕೊಡಲಿಲ್ಲ. ಆದರೂ ಅವಳು ಉಳಿಯಲಿಲ್ಲ.

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅಳುವ ಕಡೆ ನಗು ಬರುತ್ತೆ. ನಗುವ ಕಡೆ ಪೆಟ್ರೋಲ್ ವಾಸನೆ ಬರುತ್ತೆ. ನಾನು ಓದಿದವನಲ್ಲ. ದೊಡ್ಡಬಳ್ಳಾಪುರದಲ್ಲಿ ಎರಡು ಮಗ್ಗ ಇಟ್ಟುಕೊಂಡು ಸೀರೆ ನೇಯುವವನು. ನೆನಪಾದದ್ದನ್ನು ನೆನಪಾದ ಹಾಗೆ ಬರೆಯುತ್ತೇನೆ.

ಕಾರು ಬಂದದ್ದು

ಎಂಬತ್ತರ ದಶಕದ ಕೊನೆ. ಬೆಂಗಳೂರಿನವರು ಕಾರು ಓಡಿಸುವ ಪಂದ್ಯ ಇಟ್ಟಿದ್ದರು. ತೂಬಗೆರೆ ಕಡೆಯ ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ನಮ್ಮ ಮನೆ ಆ ರಸ್ತೆಗೇ ಇದೆ. ಒಂದು ಫಿಯಟ್ ಕಾರು ನಮ್ಮ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಅದರ ಯಜಮಾನ ಎಳೆ ವಯಸ್ಸಿನವನು. ಇಳಿದು ಚಕ್ರಕ್ಕೆ ಒದ್ದ. ಕಾಲು ನೋವಾಯಿತು. ಇನ್ನೊಂದು ಕಾಲಲ್ಲಿ ಒದ್ದ.

ನನ್ನ ಹೆಂಡತಿ ಮಜ್ಜಿಗೆ ಕೊಟ್ಟಳು. ಕುಡಿದು, “ಯಾರಾದ್ರೂ ತಗೊಳೋರಿದ್ರೆ ಇದನ್ನ ಇಲ್ಲೇ ಕೊಟ್ಟು ಬಸ್ಸಲ್ಲಿ ಹೋಗ್ತೀನಿ” ಅಂದ. ಅವನು ತಮಾಷೆಗೆ ಅಂದಿದ್ದು. ನಾನು ತಮಾಷೆ ಅಂದುಕೊಳ್ಳಲಿಲ್ಲ. ಮೂರನೇ ಮಗ್ಗಕ್ಕೆ ಅಂತ ಇಟ್ಟಿದ್ದ ದುಡ್ಡು ಹೋಯಿತು. ಕಾರು ಉಳಿಯಿತು.

ಪಂದ್ಯಕ್ಕೆ ಅಂತ ಅದನ್ನು ಏನೇನೋ ಮಾಡಿಸಿದ್ದರು. ಉರುಳಿದರೆ ಜಜ್ಜದಿರಲಿ ಅಂತ ಒಳಗೆ ತಲೆ ಮೇಲೆಲ್ಲ ಕಬ್ಬಿಣದ ಪೈಪು. ಸೈಲೆನ್ಸರ್ ಇತ್ತು, ಸೈಲೆಂಟ್ ಇರಲಿಲ್ಲ. ಮುಂದೆ ಎರಡು ಸೀಟು, ಹಿಂದೆ ಬೋಳು.

“ಹಿಂದೆ ಸೀಟೇ ಇಲ್ವಲ್ರೀ” ಅಂದಳು.

“ಭಾರ ಆಗುತ್ತೆ ಅಂತ ತೆಗೆದಿರ್ತಾರೆ ಕಣೇ.”

“ಒಳ್ಳೇದೇ ಆಯ್ತು ಬಿಡಿ. ಮಕ್ಕಳ್ಯಾಕಿಲ್ಲ ಅಂತ ಊರೆಲ್ಲ ಕೇಳುತ್ತೆ. ಇನ್ಮೇಲೆ ಕೂರ್ಸೋಕೆ ಜಾಗ ಇಲ್ಲ ಅಂತ ಹೇಳ್ಬೋದು.”

ಒಂದು ಸಾಕು

ಅವಳು ಆ ಕಾರಿನಿಂದ ಕೇಳಿದ್ದು ಒಂದೇ. ನಂದಿ ಬೆಟ್ಟಕ್ಕೆ ಬುಡದಿಂದ ತುದಿವರೆಗೆ, ಮಧ್ಯೆ ಎಲ್ಲೂ ಇಳಿಯದೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದೆವು. ಒಂದು ಸಲ ಕೂತುಕೊಂಡು ಹೋಗೋಣ ಅಂತ. ಅಷ್ಟೇ.

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವುದು ಕಾರ್ಬೊರೇಟರು. ಎಲ್ಲ ಕಾರಿಗೂ ಒಂದಿದ್ದರೆ ನಮ್ಮದಕ್ಕೆ ಎರಡು. ಜೋರಾಗಿ ಓಡಲಿ ಅಂತ. ಎರಡೂ ಸಮಸಮವಾಗಿ ಉಸಿರಾಡಬೇಕು. ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಕಾರು ಕೆಮ್ಮುತ್ತೆ. ನಮ್ಮದು ಕೆಮ್ಮುತ್ತಿತ್ತು.

ಊರಿನಲ್ಲೇ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬ ಇದ್ದ. ಅವನ ಹತ್ತಿರ ಬಿಟ್ಟೆವು. ಸಂಜೆ ಹೋದಾಗ ಕಾರಿನ ಜೊತೆ ಒಂದು ಪೊಟ್ಟಣ ಕೊಟ್ಟ. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ್ದ.

“ಏನಪ್ಪ ಇದು?”

“ಒಂದು ಕಾರ್ಬೊರೇಟರ್ ಬಿಚ್ಚಿದೀನಿ. ಎರಡ್ಯಾಕೆ ಗುರು? ಲಾರೀನೇ ಒಂದ್ರಲ್ಲಿ ಹತ್ತು ಟನ್ ಎಳೆಯುತ್ತೆ.”

ಲಾರಿಗೆ ಕಾರ್ಬೊರೇಟರೇ ಇರುವುದಿಲ್ಲ, ಅದು ಡೀಸಲ್ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನನ್ನ ಹೆಂಡತಿ ಪೊಟ್ಟಣ ಮಡಿಲಲ್ಲಿ ಇಟ್ಟುಕೊಂಡು ಅವನ ಮುಖವನ್ನೇ ನೋಡಿದಳು.

“ಅಣ್ಣ, ನಿಮಗೆ ಎರಡು ಕಿವಿ ಇದಾವೆ. ಹೇಳಿದ ಮಾತು ಒಂದ್ರಲ್ಲೂ ಹೋಗ್ತಿಲ್ಲ. ಒಂದು ಪೇಪರ್ ಕೊಡಿ, ಒಂದನ್ನ ಬಿಚ್ಚಿ ಕಟ್ಕೊಡ್ತೀನಿ.”

ಯಾರು ಕೈ ಹಾಕಿದ್ದು

ನೆಲಮಂಗಲದ ಹೈವೇ ಪಕ್ಕ ಒಬ್ಬ ಒಳ್ಳೇ ಮೆಕ್ಯಾನಿಕ್ ಇದಾನೆ ಅಂದರು. ಹೋದೆವು. ಅವನು ಬಾನೆಟ್ ಎತ್ತಿದ ಕೂಡಲೇ, “ಯಾರು ಇದಕ್ಕೆ ಕೈ ಹಾಕಿದ್ದು?” ಅಂದ. ಊರಿನವನನ್ನು ಅರ್ಧ ಗಂಟೆ ಬೈದ. ಬೈಗುಳಕ್ಕೆ ದುಡ್ಡು ತಗೊಳ್ಳಲಿಲ್ಲ. ಪೊಟ್ಟಣ ಬಿಚ್ಚಿ ಎರಡನೇ ಕಾರ್ಬೊರೇಟರ್ ವಾಪಸ್ ಕೂರಿಸಿದ.

ಅವತ್ತೆಲ್ಲ ನನ್ನ ಹೆಂಡತಿ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದಳು. ಎಲ್ಲಿ ಹೋದರೂ ಹಾಗೇ. ಹುರಿದ ಕಡಲೆಕಾಯಿ ತಂದಿರುತ್ತಿದ್ದಳು. ತಾನು ತಿಂದು ಮೆಕ್ಯಾನಿಕ್‌ಗೂ ಕೊಡುತ್ತಿದ್ದಳು. ಬೈಯುವುದನ್ನೂ ಕಡಲೆಕಾಯಿ ಕೊಟ್ಟೇ ಬೈಯುತ್ತಿದ್ದಳು.

ಕಾರು ಕೆಮ್ಮುವುದು ನಿಲ್ಲಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ಅವನ ಹತ್ತಿರವೇ ಹೋದೆವು. ಅವನಿಗೆ ನಮ್ಮ ನೆನಪಿರಲಿಲ್ಲ. ಬಾನೆಟ್ ಎತ್ತಿದ.

“ಯಾರು ಇದಕ್ಕೆ ಕೈ ಹಾಕಿದ್ದು? ಸ್ಪ್ರಿಂಗ್ ಇರೋ ಕಡೆ ತಂತಿ ಕಟ್ಟಿದಾನೆ ನೋಡಿ. ಅಂಥೋನ ಕೈ ಕತ್ತರಿಸಬೇಕು.”

ನನ್ನ ಹೆಂಡತಿ ಕಡಲೆಕಾಯಿ ಮುಂದೆ ಹಿಡಿದಳು.

“ಬೇಡಿ ಅಣ್ಣ. ಕೈ ಕತ್ತರಿಸಿದ್ರೆ ನೀವು ಇದನ್ನ ಹೆಂಗ್ ತಿಂತೀರಿ?”

ಎಷ್ಟು ಹೊತ್ತಾಗುತ್ತೆ

ಪ್ರತಿ ರಿಪೇರಿ ಆದ ಮೇಲೂ ಬೆಟ್ಟಕ್ಕೆ ಹೋಗುತ್ತಿದ್ದೆವು. ಬುಡದಲ್ಲಿ ಕಾರು ಸಿಂಹ. ಎರಡು ತಿರುವು ದಾಟುತ್ತಿತ್ತು. ಮೂರನೇ ತಿರುವಿನಲ್ಲಿ ಕೆಮ್ಮು. ಒಂದು ಕೆಮ್ಮು, ಇನ್ನೊಂದು ಕೆಮ್ಮು, ನಿಂತಿತು. ಬ್ರೇಕ್ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಾನು ಕಾಲು ಒತ್ತಿ ಹಿಡಿಯುತ್ತಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು. ಇಂಜಿನ್ ಆರುವ ತನಕ ರಸ್ತೆ ಪಕ್ಕ, ಸೀಬೆಕಾಯಿ ಮಾರುವ ಅಜ್ಜಿಯ ಬುಟ್ಟಿ ಹತ್ತಿರ ಕೂರುವುದು. ಆಮೇಲೆ ಹಿಂದಕ್ಕೇ ಬುಡದವರೆಗೆ ಇಳಿಸಿಕೊಂಡು ಮನೆಗೆ.

ಒಂದು ಸಲ ಹೀಗೆ ಕೂತಿದ್ದಾಗ ಬೆಂಗಳೂರಿನವರು ಯಾರೋ ಕಾರು ನಿಲ್ಲಿಸಿ ಅವಳನ್ನು ಕೇಳಿದರು. “ಅಮ್ಮ, ಮೇಲಕ್ಕೆ ಹೋಗೋಕೆ ಎಷ್ಟು ಹೊತ್ತಾಗುತ್ತೆ?”

“ನಿಮ್ಮ ಕಾರಾದ್ರೆ ಕಾಲು ಗಂಟೆ. ನಮ್ದು ಗೊತ್ತಿಲ್ಲ. ಐದು ವರ್ಷದಿಂದ ಹೋಗ್ತಾನೇ ಇದೀವಿ.”

ಸೇವಂತಿಗೆ

ಆಯುಧ ಪೂಜೆಗೆ ಮಗ್ಗ ತೊಳೆದು ಪೂಜೆ ಮಾಡಿದಳು. ಆಮೇಲೆ ಕಾರಿಗೆ. ಬಾನೆಟ್ ಎತ್ತಿಸಿದಳು. ಪಂದ್ಯದ ಕಾರಲ್ಲವೇ, ಕಾರ್ಬೊರೇಟರುಗಳ ಬಾಯಿಗೆ ಮುಚ್ಚಳವೇ ಇಲ್ಲ. ಎರಡು ತುತ್ತೂರಿಯ ಹಾಗೆ ತೆರೆದುಕೊಂಡಿದ್ದವು. ಕುಂಕುಮ ಇಟ್ಟು ಎರಡಕ್ಕೂ ಒಂದೊಂದು ಸೇವಂತಿಗೆ ಸಿಕ್ಕಿಸಿದಳು. ತೆಗೆಯಲು ಇಬ್ಬರಿಗೂ ಮರೆತುಹೋಯಿತು.

ಮಾರನೇ ದಿನ ಕುಂದಾಣದಲ್ಲಿರುವ ಅವಳ ತಮ್ಮನ ಮನೆಗೆ ಹೊರಟೆವು. ದಾರಿಯಲ್ಲಿ ಒಂದು ಹೂ ಎಲ್ಲೋ ಬಿತ್ತು. ಇನ್ನೊಂದು ತನ್ನ ಕಾರ್ಬೊರೇಟರಿನ ಬಾಯಿಗೆ ಕಚ್ಚಿಕೊಂಡಿತ್ತು. ಕಾರು ಓಡಿತು ನೋಡಿ. ಕೆಮ್ಮಿಲ್ಲ, ಜಗ್ಗಾಟ ಇಲ್ಲ. ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುವಂಥ ಪಿಕಪ್. ಅವಳು ಪೈಪು ಹಿಡಿದುಕೊಂಡು ನಗುತ್ತಲೇ ಇದ್ದಳು. ಮುಂದಿನ ಭಾನುವಾರ ಬೆಟ್ಟ ಅಂತ ತೀರ್ಮಾನವಾಯಿತು.

ಬೆಟ್ಟಕ್ಕೆ ಮುಂಚೆ ಒಂದು ಸಲ ತೋರಿಸಿಬಿಡೋಣ ಅಂದೆ. ಹೊಸಕೋಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇಂಜಿನ್ನಿಗೆ ಕಿವಿ ಕೊಟ್ಟೇ ಟ್ಯೂನಿಂಗ್ ಮಾಡುತ್ತಾನೆ ಅಂತ ಹೆಸರು. ಅವನು ಕಿವಿ ಕೊಟ್ಟ. ಕಣ್ಣು ಮುಚ್ಚಿದ. “ಒಳಗೆ ಕಸ ಇದೆ” ಅಂದ. ಸೇವಂತಿಗೆ ಎಳೆದು ಬಿಸಾಡಿದ. ಕಾರು ಅಲ್ಲೇ ಕೆಮ್ಮಿತು.

ಅವನು ಅದನ್ನು ಮುಚ್ಚಿಹಾಕಲು, ಪೆಟ್ರೋಲಿಗೆ ಕಿಡಿ ಬೀಳುವ ಟೈಮಿಂಗ್ ತಿರುಗಿಸಿದ. ಇನ್ನೂ ಕೆಟ್ಟಿತು. ಹೂ ಇದ್ದ ಕಡೆಯ ಕಾರ್ಬೊರೇಟರಿಗೆ ಗಾಳಿ ಜಾಸ್ತಿ ಹೋಗುತ್ತಿತ್ತು, ಹೂವು ಅದನ್ನು ತಡೆದಿತ್ತು ಅಂತ ಅವನಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಮಗೆಲ್ಲಿಂದ ಹೊಳೆಯಬೇಕು. ಮನೆಗೆ ಬಂದು ಅವಳು ಇನ್ನೊಂದು ಸೇವಂತಿಗೆ ಇಟ್ಟಳು. ಆಗಲಿಲ್ಲ. ಚೆಂಡು ಹೂ ಇಟ್ಟಳು. ಕನಕಾಂಬರ ಇಟ್ಟಳು. ಮಲ್ಲಿಗೆ ಇಟ್ಟರೆ ಇಂಜಿನ್ ಒಳಕ್ಕೇ ಎಳೆದುಕೊಂಡಿತು.

ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಇಣುಕಿದಳು. “ಏನಕ್ಕ, ದಿನಾ ಕಾರಿಗೆ ಪೂಜೆನಾ?”

“ಪೂಜೆ ಅಲ್ಲಮ್ಮ. ಯಾವ ಹೂ ಇಷ್ಟ ಅಂತ ಕೇಳ್ತಿದೀನಿ. ಇವರನ್ನ ಕಟ್ಕೊಂಡಾಗ ನನ್ನ ಯಾರೂ ಕೇಳ್ಲಿಲ್ಲ.”

ಹನ್ನೊಂದರ ದಿನ

ಅವಳು ಹೋದ ಮೇಲೆ ಕಾರಿನ ಕಡೆ ನೋಡಲಿಲ್ಲ. ಅಂಗಳದಲ್ಲಿ ನಿಂತಿತ್ತು. ತಿಥಿಗೆ ಯಾರಿಗೆಲ್ಲ ಹೇಳಬೇಕು ಅಂತ ಅವಳ ತಮ್ಮ ಕೇಳಿದ. ನೆಂಟರು, ಬೀದಿಯವರು. ಆಮೇಲೆ ನೆನಪಾಯಿತು. ಅವಳು ಅಷ್ಟು ವರ್ಷ ಮೂರು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತವಳು. ಅವರಿಗೂ ಹೇಳಿ ಕಳಿಸಿದೆ. ಬರುತ್ತಾರೆ ಅಂದುಕೊಂಡಿರಲಿಲ್ಲ. ಮೂವರೂ ಬಂದರು.

ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಒಬ್ಬರ ಕಥೆ ಒಬ್ಬರು ಅವಳ ಬಾಯಿಂದ ಕೇಳಿದ್ದಷ್ಟೇ. ನನ್ನ ಬಾಮೈದನಿಗೆ ಇದೆಲ್ಲ ಗೊತ್ತಿಲ್ಲ. ಕಾರಿನವರು ಅಂತ ಮೂವರನ್ನೂ ಒಂದೇ ಸಾಲಿನಲ್ಲಿ ಪಕ್ಕಪಕ್ಕದ ಎಲೆಗೆ ಕೂರಿಸಿದ. ನಾನು ಎದುರಿಗೆ ನಿಂತಿದ್ದೆ.

ಊರಿನವನು ವಡೆ ಮುರಿಯುತ್ತ, “ಪಾಪ, ಒಳ್ಳೇ ಹೆಂಗಸು. ಕಾರು ಅಂದ್ರೆ ಪ್ರಾಣ. ನೆಲಮಂಗಲದಲ್ಲಿ ಯಾವನೋ ಕೆಡಿಸ್ಬಿಟ್ನಂತೆ” ಅಂದ.

ಪಕ್ಕದವನು ತಲೆ ಎತ್ತಲಿಲ್ಲ. “ಯಾವನೋ ಅಲ್ಲ. ನಾನೇ. ಒಂದು ಕಾರ್ಬೊರೇಟರ್ ಬಿಚ್ಚಿ ಪೇಪರ್‌ನಲ್ಲಿ ಕಟ್ಟಿದ ಮಹಾನುಭಾವ ಎಲ್ಲಿದಾನೋ ಅಂತ ನಾನೂ ಹುಡುಕ್ತಿದ್ದೆ.”

ಮೂರನೆಯವನು ಪಾಯಸ ಬಾಯಿಗಿಡುತ್ತ, “ನೀವಿಬ್ರೇನಾ?” ಅಂದ.

“ನೀವ್ಯಾರು?” ಇಬ್ಬರೂ ಒಟ್ಟಿಗೆ ಕೇಳಿದರು.

“ಹೊಸಕೋಟೆ.”

“ಓ. ಹೂ ಕಿತ್ತೋರು.”

ಊರಿನವನು ಎದ್ದು ಕೈ ತೊಳೆದು ಅಂಗಳಕ್ಕೆ ಹೋದ. ಇವನೊಬ್ಬನೇ ಹೋಗಿ ಏನು ಮಾಡಿಬಿಡುತ್ತಾನೋ ಅಂತ ಇನ್ನಿಬ್ಬರೂ ಎಲೆ ಬಿಟ್ಟು ಓಡಿದರು. ಮೂರು ತಲೆ ಬಾನೆಟ್ ಒಳಗೆ.

ಆಗ ಆದದ್ದು ನಾನು ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ಅಲ್ಲಿ ಇಲ್ಲದವನನ್ನು ಬೈಯೋಣ ಅಂದರೆ ಅಲ್ಲಿ ಇಲ್ಲದವನೇ ಇರಲಿಲ್ಲ. ಎಲ್ಲರೂ ಅಲ್ಲೇ ಇದ್ದರು.

“ಈ ಜೆಟ್ ಯಾರು ಹಾಕಿದ್ದು?” ಅಂದ ಹೊಸಕೋಟೆಯವನು. ಪೆಟ್ರೋಲ್ ಹಾಯುವ ಸಣ್ಣ ಹಿತ್ತಾಳೆ ತೂತು ಅದು.

ಊರಿನವನು, “ನಾನೇ. ಅದರ ಜೋಡಿ ಕಳೆದುಹೋಯ್ತು. ಇನ್ಯಾವುದೋ ಹಾಕಿದೆ” ಅಂದ.

“ತಂತಿ?”

“ನಂದೇ” ಅಂದ ನೆಲಮಂಗಲದವನು. “ಸ್ಪ್ರಿಂಗ್ ತರೋಕೆ ಬೆಂಗಳೂರಿಗೆ ಹೋಗ್ಬೇಕಿತ್ತು.”

“ಟೈಮಿಂಗ್ ಇಷ್ಟು ಹಿಂದಕ್ಕೆ ಯಾರು ತಂದಿದ್ದು?” ಅಂತ ನೆಲಮಂಗಲದವನು ಕೇಳಿದ. ಹೊಸಕೋಟೆಯವನು ಆಕಾಶ ನೋಡಿದ.

ಸ್ಕೂಟರಿನಲ್ಲಿ ಬೆಂಗಳೂರಿಗೆ ಹೋಗಿ ಜೆಟ್ಟು, ಸ್ಪ್ರಿಂಗು ತಂದರು. ಒಬ್ಬೊಬ್ಬನೂ ತಾನು ಕೆಡಿಸಿದ್ದನ್ನು ತಾನೇ ವಾಪಸ್ ತೆಗೆದ. ಬೇರೇನೂ ಮಾಡಲಿಲ್ಲ. ಕೀ ತಿರುಗಿಸಿದರೆ ಇಂಜಿನ್ ಒಂದೇ ಸಮ ಗುನುಗಿತು. ನನ್ನ ಮಗ್ಗಕ್ಕಿಂತ ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಕೂತಿದ್ದ ನೆಂಟರೆಲ್ಲ ಎಂಜಲು ಕೈಯಲ್ಲೇ ಬಂದು ನಿಂತರು. ಈ ಮೂವರನ್ನು ಒಂದು ಕಡೆ ಸೇರಿಸೋಕೆ ಅವಳು ಸಾಯಬೇಕಾಯಿತು.

ಐದು ನಿಮಿಷ ಆಗಿರಲಿಲ್ಲ, ಮತ್ತೆ ಜಗಳ. ಸರಿ ಮಾಡಿದ್ದು ನಾನು ಅಂತ ಒಬ್ಬ, ನಾನು ಅಂತ ಇನ್ನೊಬ್ಬ. ಕೆಡಿಸುವಾಗ ಯಾರೂ ಇರಲಿಲ್ಲ. ಸರಿ ಮಾಡಿದವರು ಮಾತ್ರ ಮೂವರು. ನನಗೆ ನಗು ಬಂತು. ಇದನ್ನು ಅವಳಿಗೆ ಹೇಳೋಣ ಅಂತ ಒಳಗೆ ಹೋದೆ. ಅಡುಗೆಮನೆ ಬಾಗಿಲವರೆಗೂ ಹೋಗಿಬಿಟ್ಟಿದ್ದೆ.

ಮಾರನೇ ಬೆಳಿಗ್ಗೆ ಕಾರು ತೆಗೆದುಕೊಂಡು ಬೆಟ್ಟಕ್ಕೆ ಹೋದೆ. ಮೊದಲನೇ ತಿರುವು, ಎರಡನೇದು, ಮೂರನೇದು. ಕೆಮ್ಮಲಿಲ್ಲ. ಸೆಕೆಂಡ್ ಗೇರಿನಲ್ಲಿ ಎಳೆದುಕೊಂಡು ಹೋಯಿತು. ತುದಿ ಬಂದೇಬಿಟ್ಟಿತು. ಮೇಲೆ ಮಂಜು. ಏನೂ ಕಾಣಲಿಲ್ಲ. ಕಾರಿನಿಂದ ಇಳಿಯಲೂ ಇಲ್ಲ. ತಿರುಗಿಸಿಕೊಂಡೆ.

ಇಳಿಯುವಾಗ ಮೂರನೇ ತಿರುವಿನಲ್ಲಿ ಸೀಬೆಕಾಯಿ ಮಾರುವ ಅಜ್ಜಿ ಅಡ್ಡ ಕೈ ಹಾಕಿದಳು. ಅವಳ ಬುಟ್ಟಿ ಯಾವಾಗಲೂ ಅಲ್ಲೇ.

“ಏನಪ್ಪ, ನಿಲ್ಸದೇ ಹೋಗ್ಬಿಟ್ಟೆ? ಕೂಗಿದ್ರೂ ಕೇಳಿಸ್ಲಿಲ್ಲ. ಅವಮ್ಮ ಎಲ್ಲಿ? ಇಲ್ಲಿ ಕೂತು ಎಷ್ಟು ಮಾತಾಡೋಳು. ಹಣ್ಣಾಗಿರೋದು ತೆಗೆದಿಟ್ಟಿದೀನಿ.”

ಇಂಜಿನ್ ಆರಿಸಿದೆ.

“ಕಾರು ರಿಪೇರಿ ಆಯ್ತಜ್ಜಿ. ಅದಕ್ಕೇ ಬರ್ಲಿಲ್ಲ” ಅಂದೆ.

ಅಜ್ಜಿ ಯೋಚನೆ ಮಾಡಿದಳು. ಒಂದು ಕಾಯಿ ಹೆಚ್ಚಿ, ಉಪ್ಪು ಖಾರ ಹಾಕಿ ನನ್ನ ಕೈಗೆ ಕೊಟ್ಟಳು.

“ಹಂಗಾದ್ರೆ ಮುಂದಿನ ವಾರ ಕೆಡಿಸ್ಕೊಂಡು ಬಾರಪ್ಪ.”